ಎಲ್ಲ ಬೆಂಕಿಗೂ ಶಾರ್ಟ್ ಸರ್ಕ್ಯೂಟೇ ಕಾರಣವೇ?

ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಸುಡಲಿ, ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿ ಸುಡಲಿ, ಎಪಿಎಂಸಿ ಯಾರ್ಡಿನಲ್ಲಿ ಹತ್ತಿ ಮೂಟೆ ಹೊತ್ತಿ ಉರಿಯಲಿ, ಮಾರನೆಯ ದಿನ ಕೇಳಿಬರುವುದು ಒಂದೇ ಮಾತು. 'ಶಾರ್ಟ್ ಸರ್ಕ್ಯೂಟ್ ಅಂತೆ ಕಣ್ರೀ.' ಪೇಪರಿನವರು ಬರೆಯುವುದೂ ಅದನ್ನೇ, ಟೀ ಅಂಗಡಿಯಲ್ಲಿ ಕೂತವರು ಹೇಳುವುದೂ ಅದನ್ನೇ. ಕೊನೆಗೆ ಫೈರ್ ಸ್ಟೇಷನ್ನಿನ ವರದಿಯಲ್ಲೂ ಅದೇ ಎರಡು ಪದ ಬಂದು ಕೂತರೆ ಯಾರಿಗೂ ಆಶ್ಚರ್ಯವಿಲ್ಲ. ಪಾಪ, ಕರೆಂಟಿಗೆ ಬಾಯಿಲ್ಲ. ವಕೀಲರನ್ನು ಇಟ್ಟುಕೊಂಡು ತನ್ನ ಮೇಲಿನ ಆರೋಪ ಅಲ್ಲಗಳೆಯುವ ತಾಕತ್ತೂ ಅದಕ್ಕಿಲ್ಲ.

ಬೆಂಕಿ ಆರಿಸುವವರ ಧೈರ್ಯದ ಬಗ್ಗೆ ಇಲ್ಲಿ ತಕರಾರಿಲ್ಲ. ನಡುರಾತ್ರಿ ಗಂಟೆ ಬಾರಿಸಿದರೆ ಎದ್ದು ಓಡುವವರು, ಹೊಗೆಯೊಳಗೆ ನುಗ್ಗುವವರು ಅವರು. ಗ್ಯಾಸ್ ಸಿಲಿಂಡರ್ ಯಾವ ಕ್ಷಣದಲ್ಲಿ ಸಿಡಿಯುತ್ತದೋ ಗೊತ್ತಿಲ್ಲದೆಯೂ ಒಳಗೆ ಕಾಲಿಡುವವರು. ಸಂಬಳ ಎಷ್ಟು ಎಂದು ಕೇಳಿದರೆ ನಾಚಿಕೆಯಾಗಬೇಕಾದ್ದು ಊರಿಗೆ. ಮಾತು ಬೇರೆಯದು. ಬೆಂಕಿ ಆರಿದ ಮೇಲೆ ಸ್ಟೇಷನ್ನಿಗೆ ವಾಪಸು ಬಂದು, ಪೈಪು ಸುತ್ತಿಟ್ಟು, ಒದ್ದೆ ಬಟ್ಟೆ ಬದಲಿಸಿ, ಕಣ್ಣೆಳೆಯುತ್ತಿರುವಾಗ ಕೂತು ತುಂಬುವ ಫಾರಂ ಇದೆಯಲ್ಲ, ಅದರದು.

ಆ ಫಾರಂ ತುಂಬುವುದನ್ನು ಕಲಿಸುವವರು ಯಾರು? ಅಕಾಡೆಮಿಯಲ್ಲಿ ಏನೇ ಪಾಠ ಆಗಿರಲಿ, ಸರಕಾರಿ ಕಚೇರಿಯಲ್ಲಿ ಫಾರಂ ತುಂಬುವುದನ್ನು ಜನ ಕಲಿಯುವುದು ಹಿಂದಿನವನ ಫೈಲ್ ನೋಡಿಯೇ. ಹೋದ ಸಲ ಏನು ಬರೆದಿದೆಯೋ ಈ ಸಲವೂ ಅದು. ಹೆಸರು, ತಾರೀಖು ಬದಲಾದರೆ ಆಯಿತು. ಶಾನುಭೋಗರ ಕಾಲದಿಂದ ನಡೆದು ಬಂದ ಪದ್ಧತಿ ಇದು, ಅಗ್ನಿಶಾಮಕ ಇಲಾಖೆಯೊಂದನ್ನೇ ದೂರಿ ಪ್ರಯೋಜನವಿಲ್ಲ. ಆದರೆ ಬೇರೆ ಕಚೇರಿಯಲ್ಲಿ ಫಾರಂ ತಪ್ಪಾದರೆ ಇನ್ನೊಂದು ಅರ್ಜಿ ಹಾಕಬಹುದು. ಸುಟ್ಟ ಅಂಗಡಿಯನ್ನು ಇನ್ನೊಂದು ಸಲ ಸುಟ್ಟು ತೋರಿಸುವುದಕ್ಕೆ ಆಗುವುದಿಲ್ಲ.

ಮೊದಲು ಈ ಶಾರ್ಟ್ ಸರ್ಕ್ಯೂಟ್ ವಿಚಾರ ನೋಡಿ. ಬೆಂಕಿಗೆ ಸಿಕ್ಕ ತಂತಿಯ ಪ್ಲಾಸ್ಟಿಕ್ ಹೊದಿಕೆ ಕರಗುತ್ತದೆ. ಒಳಗಿನ ತಾಮ್ರದ ಎಳೆಗಳು ಒಂದಕ್ಕೊಂದು ತಾಗುತ್ತವೆ. ಕರೆಂಟು ಇನ್ನೂ ಹರಿಯುತ್ತಿದ್ದರೆ ಅಲ್ಲಿ ಶಾರ್ಟ್ ಆಗಿಯೇ ಆಗುತ್ತದೆ. ತಂತಿಯ ತುದಿಯಲ್ಲಿ ತಾಮ್ರ ಕರಗಿ ಸಣ್ಣ ಮಣಿಯಂತೆ ಗಟ್ಟಿಯಾಗುತ್ತದೆ. ಬೆಂಕಿ ಆರಿದ ಮೇಲೆ ಟಾರ್ಚ್ ಹಾಕಿ ನೋಡಿದವರಿಗೆ ಆ ಮಣಿ ಕಾಣುತ್ತದೆ. 'ಇಗೋ, ಸಿಕ್ಕಿತು ಕಾರಣ' ಎನ್ನುತ್ತಾರೆ. ಆದರೆ ಬೆಂಕಿಯಿಂದ ಶಾರ್ಟ್ ಆಯಿತೋ, ಶಾರ್ಟಿನಿಂದ ಬೆಂಕಿ ಬಿತ್ತೋ? ಮಳೆ ಬಂದು ಹೊಳೆ ತುಂಬಿತೋ, ಹೊಳೆ ತುಂಬಿ ಮಳೆ ಬಂತೋ ಎಂದು ಕೇಳಿದರೆ ಚಿಕ್ಕ ಮಗುವೂ ನಗುತ್ತದೆ. ಇಲ್ಲಿ ಮಾತ್ರ ಯಾರೂ ನಗುವುದಿಲ್ಲ, ಫಾರಂ ತುಂಬಿ ಸಹಿ ಹಾಕುತ್ತಾರೆ.

ಇದನ್ನು ಬಿಡಿಸಿ ಹೇಳಬೇಕಾದರೆ ನೋಡಬೇಕಾದ್ದು ಬಹಳ ಇದೆ. ಅತಿ ಹೆಚ್ಚು, ಅತಿ ಕೆಳಗೆ ಸುಟ್ಟಿರುವುದು ಎಲ್ಲಿ? ಗೋಡೆಯ ಮೇಲೆ ಹೊಗೆಯ ಗುರುತು ಯಾವ ಮೂಲೆಯಿಂದ ಅಗಲವಾಗುತ್ತ ಮೇಲೇರಿದೆ? ಮೇನ್ ಸ್ವಿಚ್ ಆನ್ ಇತ್ತೇ, ಆಫ್ ಇತ್ತೇ? ಯಾವ ಎಂಸಿಬಿ ಬಿದ್ದಿತ್ತು? ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿತ್ತೇ? ದೇವರ ಪಟದ ಮುಂದೆ ದೀಪ ಇತ್ತೇ? ಷಟರಿಗೆ ಬೀಗ ಹಾಕಿತ್ತೇ, ಮೊದಲೇ ಯಾರೋ ಮುರಿದಿದ್ದರೇ? ಇಷ್ಟನ್ನೂ ನೋಡುವ ಅವಕಾಶ ಇರುವುದು ಒಬ್ಬರಿಗೇ: ಮೊದಲ ವಾಹನದಲ್ಲಿ ಬಂದು ಇಳಿದ ಸಿಬ್ಬಂದಿಗೆ. ಆಮೇಲೆ ನೀರು ಬೀಳುತ್ತದೆ. ಕೆಂಡ ಉಳಿಯಬಾರದೆಂದು ಮೂಟೆ ಮೂಟೆಯಾಗಿ ಹೊರಗೆಳೆದು ಹಾಕುತ್ತಾರೆ, ಹಾಕಲೇಬೇಕು. ಬೆಳಗಾಗುವ ಹೊತ್ತಿಗೆ ಅಲ್ಲಿ ಉಳಿದಿರುವುದು ಕೆಸರು, ಕರಿ. ಎರಡು ದಿನ ಬಿಟ್ಟು ಬರುವ ಇನ್ಶೂರೆನ್ಸ್ ಸರ್ವೇಯರ್ ಆ ಕೆಸರಿನಲ್ಲಿ ಏನು ಹುಡುಕಬೇಕು? ಆತ ಕೈ ಚಾಚುವುದು ಫೈರ್ ರಿಪೋರ್ಟಿಗೇ.

ಅಂಗಡಿಯವರ ಕಿವಿ ನಿಮಿರಬೇಕಾದ್ದು ಇಲ್ಲಿ. ವಿಮೆ ಕ್ಲೇಮಿಗೆ ಕೇಳುವ ಕಾಗದಗಳಲ್ಲಿ ಅಗ್ನಿಶಾಮಕ ದಳದ ವರದಿ ಮುಖ್ಯವಾದದ್ದು. ಬೆಂಕಿ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ, ಸಣ್ಣ ಅಕ್ಷರದಲ್ಲಿ. ಯಾವ ವಿದ್ಯುತ್ ಯಂತ್ರದಲ್ಲಿ, ಯಾವ ಫಿಟಿಂಗಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತೋ ಆ ಯಂತ್ರದ ನಷ್ಟವನ್ನು ಕಂಪೆನಿ ಕೊಡುವುದಿಲ್ಲ. ಅಲ್ಲಿಂದ ಹೊತ್ತಿದ ಬೆಂಕಿ ಹರಡಿ ಸುಟ್ಟ ಉಳಿದ ಸಾಮಾನಿಗೆ ಮಾತ್ರ ಪರಿಹಾರ. 2021ರ ಏಪ್ರಿಲ್‌ನಿಂದ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಸಣ್ಣ ವ್ಯಾಪಾರಿಗಳಿಗೆಂದು ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲೂ ಈ ಮಾತು ಇದೆ.

ಈಗ ಒಂದು ಲೆಕ್ಕ ಹಾಕಿ. ಐಸ್‌ಕ್ರೀಂ ಪಾರ್ಲರ್ ಒಂದು ಇದೆ ಎಂದಿಟ್ಟುಕೊಳ್ಳಿ. ಒಳಗಿರುವ ಬೆಲೆಬಾಳುವ ವಸ್ತುವೆಂದರೆ ದೊಡ್ಡ ಫ್ರೀಜರ್. ಬೆಂಕಿ ಬಿದ್ದದ್ದು ಹಿಂದಿನ ಗಲ್ಲಿಯಲ್ಲಿ ಯಾರೋ ಕಸಕ್ಕೆ ಹಚ್ಚಿದ ಕಿಡಿಯಿಂದ. ಆದರೆ ಫ್ರೀಜರಿನ ಹಿಂದೆ ಕರಗಿದ ತಂತಿ ಕಂಡಿತು, ಫಾರಂನಲ್ಲಿ 'ಫ್ರೀಜರಿನಲ್ಲಿ ಶಾರ್ಟ್ ಸರ್ಕ್ಯೂಟ್' ಎಂದು ಬಿತ್ತು. ಫ್ರೀಜರಿನ ದುಡ್ಡು ಹೋಯಿತು. ಬರೆದವನಿಗೆ ಯಾವ ದುರುದ್ದೇಶವೂ ಇಲ್ಲ, ಲಂಚದ ಮಾತೂ ಇಲ್ಲ. ಎರಡು ಪದದ ಅಭ್ಯಾಸಬಲ, ಅಷ್ಟೆ. ಮಾಲೀಕ ಮಾತ್ರ ವರ್ಷಗಟ್ಟಲೆ ಅಲೆಯುತ್ತಾನೆ. ಸರಕಾರಿ ನೌಕರ ಕರ್ತವ್ಯದ ಮೇಲೆ ಬರೆದ ದಾಖಲೆಗೆ ಕೋರ್ಟಿನಲ್ಲಿ ಬೆಲೆ ಇರುತ್ತದೆ, ಅದನ್ನು ಸುಳ್ಳೆಂದು ತೋರಿಸುವ ಹೊಣೆ ಅಂಗಡಿಯವನ ತಲೆಗೆ ಬರುತ್ತದೆ. ಬೂದಿ ಹಿಡಿದುಕೊಂಡು ಏನು ಸಾಕ್ಷಿ ಹೇಳಿಸುತ್ತಾನೆ?

ನಡುರಾತ್ರಿಯ ತಾರೀಖು

ಕಾರಣದ ಮಾತು ಹೀಗಾದರೆ ತಾರೀಖಿನದು ಇನ್ನೊಂದು ತಮಾಷೆ. ಪೇಟೆಯ ಬೆಂಕಿಗಳಿಗೆ ರಾತ್ರಿಯೆಂದರೆ ಪ್ರೀತಿ. ಕರೆ ಬಂದದ್ದು 31ನೇ ತಾರೀಖು ರಾತ್ರಿ 11 ಗಂಟೆ 50 ನಿಮಿಷಕ್ಕೆ. ವಾಹನ ತಲುಪಿದ್ದು 12 ಗಂಟೆ 5 ನಿಮಿಷಕ್ಕೆ. ಆರಿಸಿ ಮುಗಿಸಿದ್ದು 3 ಗಂಟೆಗೆ. ಫಾರಂ ತುಂಬಿದ್ದು ಬೆಳಿಗ್ಗೆ. ತುಂಬುವವನ ಕೈಯಲ್ಲಿ ಬರುವ ತಾರೀಖು 1. ಪಾಲಿಸಿಯ ಅವಧಿ ಸಾಮಾನ್ಯವಾಗಿ ಮುಗಿಯುವುದು ಕೊನೆಯ ದಿನದ ನಡುರಾತ್ರಿಗೆ. ಆ ಅಂಗಡಿಯ ಪಾಲಿಸಿ 31ಕ್ಕೆ ಮುಗಿಯುವುದಾಗಿದ್ದರೆ? ಬೆಂಕಿ ಬಿದ್ದಾಗ ಪಾಲಿಸಿ ಜೀವಂತ ಇತ್ತು, ಕಾಗದದ ಪ್ರಕಾರ ಸತ್ತಿತ್ತು. 'ರಾತ್ರಿ 12' ಎಂದು ಬರೆದರಂತೂ ಮುಗಿಯಿತು. ಯಾವ ದಿನದ ರಾತ್ರಿ? ರೈಲ್ವೆಯವರ ಹಾಗೆ 23.50, 00.05 ಎಂದು 24 ಗಂಟೆಯ ಲೆಕ್ಕದಲ್ಲಿ, ಪ್ರತಿಯೊಂದರ ಎದುರಿಗೂ ತಾರೀಖು ಹಾಕಿ ಬರೆಯುವುದನ್ನು ಕಲಿಸಲು ಒಂದು ಗಂಟೆ ಸಾಕು. ಖರ್ಚು ಒಂದು ಚಾಕ್‌ಪೀಸು.

ಹೆಸರು, ವಿಳಾಸದ ಗೊಂದಲ ಗೊತ್ತಿಲ್ಲದ ಊರಿಲ್ಲ. ಬೋರ್ಡಿನ ಮೇಲೆ ಅಜ್ಜನ ಹೆಸರು, ಟ್ರೇಡ್ ಲೈಸೆನ್ಸ್ ತಂದೆಯದು, ಜಿಎಸ್‌ಟಿ ಮಗನದು, ಕಟ್ಟಡ ಬೆಂಗಳೂರಿನಲ್ಲಿರುವ ಯಾರದೋ. 'ಮಾಲೀಕರು' ಎಂಬ ಕಾಲಂನಲ್ಲಿ ಯಾರನ್ನು ಬರೆಯಬೇಕು? ಕಟ್ಟಡದ ಮಾಲೀಕನನ್ನೋ, ಸುಟ್ಟ ಸಾಮಾನಿನ ಮಾಲೀಕನನ್ನೋ? ಜನರ ಗುಂಪಿನಲ್ಲಿ ಯಾರೋ ಕೂಗಿ ಹೇಳಿದ ಹೆಸರು ಕಾಗದಕ್ಕೆ ಇಳಿದುಬಿಟ್ಟರೆ, ಬಾಡಿಗೆಗಿದ್ದು ಬೀದಿಗೆ ಬಿದ್ದವನ ಹೆಸರು ಎಲ್ಲೂ ಇರುವುದಿಲ್ಲ. ಬಾಗಿಲ ಸಂಖ್ಯೆಯಲ್ಲೂ ಹಳೆಯದು ಒಂದು, ಹೊಸದು ಇನ್ನೊಂದು. ಎರಡನ್ನೂ ಬರೆಯಿರಿ ಎಂದು ಹೇಳುವವರು ಬೇಕಷ್ಟೆ.

ಇನ್ನು ನಷ್ಟದ ಅಂದಾಜು. ಉರಿಯುತ್ತಿರುವ ಅಂಗಡಿಯ ಮುಂದೆ ಲುಂಗಿಯಲ್ಲಿ ನಿಂತು ನಡುಗುತ್ತಿರುವ ಮನುಷ್ಯನನ್ನು 'ಎಷ್ಟು ಲಾಸ್ ಆಗಿರಬಹುದು?' ಎಂದು ಕೇಳುತ್ತಾರೆ. ಆತ ಏನು ಹೇಳಬಲ್ಲ? 'ಎರಡು ಲಕ್ಷ ಸಾರ್' ಎನ್ನುತ್ತಾನೆ, ಇಲ್ಲವೇ 'ಎಲ್ಲಾ ಹೋಯ್ತು ಸಾರ್' ಎನ್ನುತ್ತಾನೆ. ವಾರದ ಮೇಲೆ ಬಿಲ್ಲು, ಸ್ಟಾಕ್ ಪುಸ್ತಕ, ಬ್ಯಾಂಕಿಗೆ ಕೊಟ್ಟ ಲೆಕ್ಕ ಎಲ್ಲ ಕೂಡಿಸಿದಾಗ 9 ಲಕ್ಷ ಆಗುತ್ತದೆ. ವರದಿಯಲ್ಲಿ 2 ಲಕ್ಷ ಇದೆ. ಕಂಪೆನಿಯವರ ಹುಬ್ಬು ಮೇಲೇರಲು ಅಷ್ಟು ಸಾಕು. ಸಿಬ್ಬಂದಿಯೇನು ಅಕೌಂಟೆಂಟ್ ಅಲ್ಲ, ಬೆಲೆ ಕಟ್ಟುವುದು ಅವರ ಕಸುಬೂ ಅಲ್ಲ. ಆದರೆ ಏನೇನು ಸುಟ್ಟಿತ್ತು, ಎಷ್ಟು ಭಾಗ ಸುಟ್ಟಿತ್ತು ಎಂಬುದನ್ನು ಕಣ್ಣಲ್ಲಿ ಕಂಡಂತೆ ಬರೆಯಬಹುದು. ಮೊತ್ತದ ಎದುರು 'ಮಾಲೀಕರು ಸ್ಥಳದಲ್ಲಿ ಹೇಳಿದಂತೆ' ಎಂಬ ಮೂರು ಪದ ಸೇರಿಸಿದರೆ ಯಾರ ಕತ್ತಿಗೂ ಹಗ್ಗ ಬೀಳುವುದಿಲ್ಲ.

'ಉಳಿಸಿದ ಆಸ್ತಿಯ ಮೌಲ್ಯ' ಎಂಬ ಲೆಕ್ಕವೂ ಒಂದಿದೆ. ಇದೊಂದು ಸೊಗಸಾದ ಕಾಲಂ. ಮಲ್ಲಿಗೆ ಅಂಗಡಿ ಸುಟ್ಟಾಗ ಪಕ್ಕದ ಮೂರಂತಸ್ತಿನ ಲಾಡ್ಜನ್ನು ಉಳಿಸಿದ ಲೆಕ್ಕಕ್ಕೆ ಸೇರಿಸಿಕೊಂಡರೆ ವರ್ಷದ ಕೊನೆಗೆ ಅಂಕಿ ಕಣ್ಣು ಕುಕ್ಕುತ್ತದೆ. ಸೇರಿಸಬೇಕೋ ಬೇಡವೋ ಎಂಬುದಕ್ಕೆ ಎಲ್ಲ ಸ್ಟೇಷನ್ನಿಗೂ ಒಂದೇ ನಿಯಮ ಹೇಳಿಕೊಡದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಬಸ್ಸಿನಲ್ಲಿ ಓಡಾಡುವವರಿಗೆ

ಇದೆಲ್ಲ ಅಂಗಡಿ ಸಾಹುಕಾರರ ತಾಪತ್ರಯ, ನಮಗೇನು ಎಂದು ಬಸ್ಸಿಗೆ ಕಾಯುತ್ತ ಓದುತ್ತಿರುವವರು ಪುಟ ತಿರುವಬೇಡಿ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿ ಉರಿಯಿತು. 45 ಜನ ಸತ್ತರು. ಎರಡು ವಾರ ಕಳೆದ ಬೆನ್ನಲ್ಲೇ ಹಾವೇರಿ ಹತ್ತಿರ ಅಂಥದೇ ಇನ್ನೊಂದು, 7 ಜನ. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ರಸ್ತೆಯಲ್ಲಿ ಬಿದ್ದಿದ್ದ ಮೋಟಾರ್ ಸೈಕಲ್ಲಿಗೆ ಡಿಕ್ಕಿ ಹೊಡೆದು ಅದನ್ನು ಎಳೆದುಕೊಂಡೇ ಹೋಗಿ ಬೆಂಕಿಗೆ ತುತ್ತಾಯಿತು. 19 ಪ್ರಯಾಣಿಕರು ಸುಟ್ಟುಹೋದರು. ಅದೇ ಹೆದ್ದಾರಿ, ನಡುವೆ 12 ವರ್ಷ.

ಇಂಥ ಬಸ್ಸಿನ ಬಳಿ ಮೊದಲು ತಲುಪಿದವರು ಕಂಡದ್ದು ಏನು? ಮುಂದಿನ ಬಾಗಿಲು ತೆರೆದಿತ್ತೇ, ಸಿಕ್ಕಿಕೊಂಡಿತ್ತೇ? ಹಿಂದಿನ ತುರ್ತು ಬಾಗಿಲ ಮುಂದೆ ಸೀಟು ಇತ್ತೇ? ಗಾಜು ಒಡೆದದ್ದು ಒಳಗಿನಿಂದಲೋ, ಹೊರಗಿನಿಂದಲೋ? ಸುತ್ತಿಗೆ ಜಾಗದಲ್ಲೇ ಇತ್ತೇ? ಡಿಕ್ಕಿಯಲ್ಲಿ ಜನರ ಬ್ಯಾಗಷ್ಟೇ ಇತ್ತೇ, ಬೇರೆ ಸರಕೂ ಇತ್ತೇ? ವರದಿಯಲ್ಲಿ 'ಬಸ್ಸು ಸಂಪೂರ್ಣ ಭಸ್ಮ' ಎಂದು ಒಂದೇ ಸಾಲು ಬಿದ್ದರೆ ಮುಂದಿನ ಬಸ್ಸನ್ನು ಕಟ್ಟುವವನಿಗೆ ಏನು ತಿಳಿಯಬೇಕು? ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವ ಆರ್‌ಟಿಓ ಇನ್ಸ್‌ಪೆಕ್ಟರ್ ಏನನ್ನು ನೋಡಬೇಕು? ಇಂದು ಸಂಜೆ ಸ್ಲೀಪರ್ ಬಸ್ಸು ಹತ್ತುವವರು ಇದನ್ನು ಕೇಳುವ ಹಕ್ಕುಳ್ಳವರು.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ನೆನಪಿರಬಹುದು. 2010ರ ಫೆಬ್ರವರಿ 23. ಹಳೆಯ ವಿಮಾನ ನಿಲ್ದಾಣ ರಸ್ತೆಯ ಆ ಕಟ್ಟಡದಲ್ಲಿ 9 ಜನ ಸತ್ತರು. ವಿದ್ಯುತ್ ತಂತಿಗಳು ಹಾಯ್ದಿದ್ದ ಕೊಳವೆದಾರಿಯಲ್ಲಿ ಎದ್ದ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ಉಸಿರು ಕಟ್ಟಿದವರು ಕಿಟಕಿಯಿಂದ ಹಾರಿದರು. ಅಂಥ ಕಡೆ 'ಕಾರಣ: ವಿದ್ಯುತ್' ಎಂದು ಬರೆದರೆ ಸುಳ್ಳೇನೂ ಅಲ್ಲ. ಆದರೆ ಜನ ಸತ್ತದ್ದು ಹೊಗೆ ಮೇಲೇರಿದ್ದರಿಂದ, ಪಾರಾಗುವ ದಾರಿ ಇಲ್ಲದ್ದರಿಂದ. ಯಾವ ಬಾಗಿಲಿಗೆ ಬೀಗ ಇತ್ತು ಎಂಬ ಸಾಲಿಗೆ ಕಾರಣದ ಕಾಲಂಗಿಂತ ಹೆಚ್ಚು ತೂಕ. ಜಿಲ್ಲಾ ಕೇಂದ್ರಗಳಲ್ಲೂ ಈಗ ನಾಲ್ಕಂತಸ್ತು, ಐದಂತಸ್ತು ಕಾಂಪ್ಲೆಕ್ಸುಗಳು ಎದ್ದಿವೆ. ಮೆಟ್ಟಿಲ ಕೆಳಗೆ ಜನರೇಟರ್, ಮೆಟ್ಟಿಲ ಮೇಲೆ ರಟ್ಟಿನ ಪೆಟ್ಟಿಗೆ. ಅಲ್ಲಿ ಸಣ್ಣ ಬೆಂಕಿ ಬಿದ್ದು ಆರಿದಾಗಲೇ ಮೆಟ್ಟಿಲ ಮೇಲಿನ ಪೆಟ್ಟಿಗೆಗಳನ್ನು ವರದಿಯಲ್ಲಿ ಬರೆದಿಟ್ಟರೆ ನಗರಸಭೆಗೆ ನೋಟಿಸು ಕೊಡಲು ಒಂದು ಆಧಾರ ಸಿಗುತ್ತದೆ. ನೋಟಿಸು ಕೊಡುತ್ತಾರೋ ಇಲ್ಲವೋ, ಅದು ಬೇರೆ ಕತೆ.

ಅಮೆರಿಕದವರು ಈ ಫಾರಂ ವಿಚಾರದಲ್ಲಿ ಬಹಳ ಹಿಂದೆಯೇ ತಲೆ ಕೆಡಿಸಿಕೊಂಡರು. 1973ರಲ್ಲಿ ಅವರ ದೇಶದ ಬೆಂಕಿ ಅನಾಹುತಗಳ ಮೇಲೆ ಒಂದು ದೊಡ್ಡ ವರದಿ ಬಂತು. ಎಲ್ಲಿ, ಯಾಕೆ ಸುಡುತ್ತಿದೆ ಎಂದು ಗೊತ್ತಿಲ್ಲದೆ ತಡೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. 1976ರಿಂದ ದೇಶಕ್ಕೆಲ್ಲ ಒಂದೇ ಮಾದರಿಯ ವರದಿ ಪದ್ಧತಿ ಶುರುವಾಯಿತು, ಎನ್‌ಎಫ್‌ಐಆರ್‌ಎಸ್ ಎಂದು ಅದರ ಹೆಸರು. ಒಂದೊಂದು ಬಗೆಯ ಬೆಂಕಿಗೂ ಒಂದೊಂದು ಸಂಖ್ಯೆ. ಕಟ್ಟಡಕ್ಕೆ ಬೆಂಕಿ ಬಿದ್ದರೆ 111, ಒಲೆಯ ಮೇಲಿನ ಪಾತ್ರೆಯಲ್ಲೇ ಹೊತ್ತಿ ಅಲ್ಲೇ ಆರಿದರೆ 113. ಬರೆಯುವವನು ಒಂದು ಅಂಕಿ ತಪ್ಪಿದರೆ ಬಾಣಲೆಯ ಎಣ್ಣೆ ಕಟ್ಟಡವೇ ಆಗಿಬಿಡುತ್ತದೆ. ಅದಕ್ಕೆಂದೇ ಅವರು ಕೈಪಿಡಿ ಮಾಡಿದರು, ಫಾರಂ ತುಂಬುವುದಕ್ಕೇ ಪ್ರತ್ಯೇಕ ಪಾಠ ಇಟ್ಟರು. ಅಲ್ಲೂ ಎಲ್ಲ ಸರಿಯಿತ್ತು ಎಂದೇನಿಲ್ಲ. 'ಕಾರಣ ನಿರ್ಧರಿಸಲಾಗಿಲ್ಲ' ಎಂಬ ವರದಿಗಳ ರಾಶಿ ಅವರನ್ನೂ ಕಾಡಿತು. ಹಳೆಯದಾಯಿತೆಂದು ಈಗ ಅದನ್ನು ಬಿಟ್ಟು ಹೊಸ ಪದ್ಧತಿಗೆ ಹೋಗಿದ್ದಾರೆ. ಅವರ ದುಡ್ಡು ಇಲ್ಲಿಲ್ಲ, ನಿಜ. ಕಲಿಸಬೇಕೆಂಬ ಬುದ್ಧಿಗೆ ದುಡ್ಡು ಬೇಕಿಲ್ಲ.

ಇಲ್ಲಿನ ಪರಿಸ್ಥಿತಿ ತುಸು ಬೇರೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರಸಭೆಗಳ ಕೆಲಸಗಳ ಪಟ್ಟಿಯಲ್ಲಿದೆ. ಕೆಲವು ರಾಜ್ಯಗಳಲ್ಲಿ ದೊಡ್ಡ ಊರುಗಳ ಪಾಲಿಕೆಗಳೇ ಅದನ್ನು ನಡೆಸುತ್ತವೆ. ಕರ್ನಾಟಕದಲ್ಲಿ 1964ರ ಕಾಯಿದೆಯಿಂದ ಇಡೀ ರಾಜ್ಯಕ್ಕೆ ಒಂದೇ ದಳ. ಇದು ಅನುಕೂಲವೇ ಆಯಿತಲ್ಲ! ಒಂದೇ ಇಲಾಖೆ, ಬೆಂಗಳೂರಿನಲ್ಲಿ ಆರ್.ಎ. ಮುಂಡ್ಕೂರ್ ಹೆಸರಿನ ಅಕಾಡೆಮಿ ಇದೆ. ಬೀದರಿನಲ್ಲೂ ಚಾಮರಾಜನಗರದಲ್ಲೂ ಒಂದೇ ರೀತಿ ಬರೆಯುವುದನ್ನು ಕಲಿಸಲು ಇದಕ್ಕಿಂತ ಅನುಕೂಲ ಬೇಕೇ?

ಕಲಿಸಬೇಕಾದ್ದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಒಂದಿದೆ. 'ಗೊತ್ತಾಗಲಿಲ್ಲ' ಎಂದು ಬರೆಯುವ ಧೈರ್ಯ. ಹೊಗೆಗೆ ಹೆದರದವನು ಈ ಒಂದು ಪದಕ್ಕೆ ಹೆದರುತ್ತಾನೆ. ಗೊತ್ತಿಲ್ಲ ಅಂತ ಬರೆದ್ರೆ ಸಾಹೇಬ್ರು ಏನಂತಾರೋ, ಅಸಡ್ಡೆ ಅಂತಾರೋ ಏನೋ! ಮೇಲಧಿಕಾರಿಗಳು ಖಾಲಿ ಕಾಲಂ ಕಂಡರೆ ಸಿಡುಕುವುದನ್ನು ಬಿಡದಿದ್ದರೆ ಕೆಳಗಿನವರು ಶಾರ್ಟ್ ಸರ್ಕ್ಯೂಟ್ ಬರೆಯುವುದನ್ನು ಬಿಡುವುದಿಲ್ಲ. ಆದ್ದರಿಂದ ಪಾಠಕ್ಕೆ ಪ್ರಮುಖ ಅಗ್ನಿಶಾಮಕರ ಜೊತೆಗೆ ಠಾಣಾಧಿಕಾರಿ, ಜಿಲ್ಲಾ ಅಧಿಕಾರಿಗಳನ್ನೂ ಕೂರಿಸುವುದು ಒಳ್ಳೆಯದು. ಕಂಡದ್ದು ಒಂದು ಕಡೆ, ಕೇಳಿದ್ದು ಒಂದು ಕಡೆ, ಊಹೆ ಇನ್ನೊಂದು ಕಡೆ ಬರೆಯಲಿ. 'ಫ್ರೀಜರಿನ ಹಿಂದೆ ಕರಗಿದ ತಂತಿ ಕಂಡಿತು, ಹಿಂಬಾಗಿಲ ಕೆಳಭಾಗ ಹೆಚ್ಚು ಸುಟ್ಟಿತ್ತು, ಕಾರಣ ಖಚಿತವಿಲ್ಲ' ಎಂಬ ಮೂರು ಸಾಲು 'ಶಾರ್ಟ್ ಸರ್ಕ್ಯೂಟ್' ಎಂಬ ಎರಡು ಪದಕ್ಕಿಂತ ಎಷ್ಟೋ ಪಾಲು ಮೇಲು. ಕೈಯಲ್ಲಿ ಮೊಬೈಲ್ ಇದೆ, ಒಳಗೆ ಹೋಗುವ ಮೊದಲು ಒಂದು, ಆರಿದ ಮೇಲೆ ನಾಲ್ಕು ಫೋಟೋ ತೆಗೆದು ವರದಿಗೆ ಸೇರಿಸಲು ಯಾವ ಕಾಯಿದೆ ಅಡ್ಡ ಬರುತ್ತದೆ?

ಸಮಯ ಎಲ್ಲಿದೆ ಎನ್ನಬಹುದು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿ, ಸ್ಫೋಟಕ ಎರಡನ್ನೂ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಹಡಗು ಸಿಡಿದು ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಸತ್ತ ನೆನಪಿಗೆ. ಆ ವಾರದಲ್ಲಿ ಶಾಲೆ ಮಕ್ಕಳ ಮುಂದೆ ನೀರು ಚಿಮ್ಮಿಸುವ ಪ್ರದರ್ಶನ ಇರುತ್ತದೆ, ಕರಪತ್ರ ಹಂಚುತ್ತಾರೆ, ಗಣ್ಯರು ಭಾಷಣ ಮಾಡುತ್ತಾರೆ. ಮಾಡಲಿ. ಏಳು ದಿನದಲ್ಲಿ ಒಂದು ದಿನ ಬಾಗಿಲು ಹಾಕಿಕೊಂಡು, ಸ್ಟೇಷನ್ನಿನ ಹಳೆಯ ವರದಿಗಳಲ್ಲಿ ಹತ್ತನ್ನು ಹೆಸರು ಮುಚ್ಚಿ ಮುಂದಿಟ್ಟುಕೊಂಡು, ಎಲ್ಲಿ ತಪ್ಪಿದೆ ಎಂದು ಎಲ್ಲರೂ ಸೇರಿ ಹುಡುಕಿದರೆ ಸಾಕು. ಒಬ್ಬ ಇನ್ಶೂರೆನ್ಸ್ ಸರ್ವೇಯರನ್ನೂ, ವಿದ್ಯುತ್ ಪರಿವೀಕ್ಷಕರ ಕಚೇರಿಯಿಂದ ಒಬ್ಬರನ್ನೂ ಕರೆದರೆ ಇನ್ನೂ ಚೆನ್ನ. ಗಣ್ಯರನ್ನು ಆ ದಿನಕ್ಕೆ ಕರೆಯುವುದು ಬೇಡ.

ಅಲ್ಲಿಯವರೆಗೆ ವರ್ತಕರ ಸಂಘದವರು ತಮ್ಮ ಪಾಲಿನ ಕೆಲಸ ಮಾಡಬಹುದು. ಬೆಂಕಿ ಬಿದ್ದ ಅಂಗಡಿಯವರು ವರದಿಯ ಪ್ರತಿಯನ್ನು ಬೇಗ ಕೇಳಿ ಪಡೆಯಬೇಕು. ಪಾಲಿಸಿಯಲ್ಲಿರುವ ಹೆಸರು, ಬಾಗಿಲ ಸಂಖ್ಯೆ, ಕರೆ ಹೋದ ಗಂಟೆ, ತಾರೀಖು ವರದಿಯಲ್ಲೂ ಹಾಗೇ ಇದೆಯೇ ನೋಡಬೇಕು. ಕರೆ ಮಾಡಿದ ಮೊಬೈಲಿನಲ್ಲಿ 101ಕ್ಕೋ 112ಕ್ಕೋ ಹೋದ ಕರೆಯ ಸಮಯ ಉಳಿದಿರುತ್ತದೆ, ಅದನ್ನು ಅಳಿಸಬಾರದು. ತಪ್ಪು ಕಂಡರೆ ಬಾಯಲ್ಲಿ ಹೇಳಿ ಬರುವುದಲ್ಲ, ಠಾಣಾಧಿಕಾರಿಗೆ ಬರಹದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಬೇಕು. ಪ್ರತಿಯೇ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಅರ್ಜಿ ಹಾಕಬಹುದು, ಉತ್ತರಕ್ಕೆ 30 ದಿನದ ಗಡುವು ಇದೆ.